ಭೂಮಿಯ ಬಾಗು, ರೇಡಿಯೋ ಕಂಬ, ಟೇಲರ್ ಶ್ರೇಢಿ

ಹಾಸನದ ಆಕಾಶವಾಣಿಯನ್ನು 102.2 ಮೆಗಾಹರ್ಟ್ಸ್‌ನಲ್ಲಿ ಕೇಳುವ ಮನೆಯವರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತೀರಿ. ಹಾಸನದ ಊರೊಳಗೆ ಸ್ವಚ್ಛವಾಗಿ ಕೇಳುವ ಹಾಡು, ದೂರದ ಊರಿನ ನಡುಮನೆಯಲ್ಲಿ ಗೊರಗೊರ ಸದ್ದಿನಲ್ಲಿ ಅರ್ಧ ಮುಳುಗಿರುತ್ತದೆ. ಅದೇ ರೇಡಿಯೋವನ್ನು ಮಹಡಿಯ ಮೇಲಕ್ಕೆ ಒಯ್ದರೆ, ಇಲ್ಲವೆ ಸೂರಿನ ಮೇಲೆ ಏರಿಯಲ್ ಕಟ್ಟಿ ತಂತಿ ಇಳಿಸಿದರೆ, ಹಾಡು ಮತ್ತೆ ತಿಳಿಯಾಗುತ್ತದೆ. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್‌ನ ಮಧ್ಯಮ ತರಂಗಕ್ಕೆ ಈ ತೊಂದರೆ ಇಷ್ಟಾಗಿ ಇರಲಿಲ್ಲ. ಅದರ ಅಲೆಯ ಉದ್ದ ಸುಮಾರು 490 ಮೀಟರು. ಅಷ್ಟು ಉದ್ದದ ಅಲೆ ನೆಲವನ್ನು ಹಿಡಿದುಕೊಂಡು, ನೆಲ ಬಾಗಿದಂತೆ ತಾನೂ ಬಾಗಿ ಸಾಗಬಲ್ಲದು. 102.2 ಮೆಗಾಹರ್ಟ್ಸ್‌ನ ಅಲೆಯ ಉದ್ದವಾದರೋ ಪೂರಾ ಮೂರು ಮೀಟರೂ ಇಲ್ಲ. ಅದು ಹೆಚ್ಚುಕಡಿಮೆ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತದೆ. ಮರ, ಮನೆ, ಗುಡ್ಡಗಳು ಅದಕ್ಕೆ ಅಡ್ಡ ಬರುವುದು ಸರಿಯೇ. ಇವು ಯಾವುವೂ ಇಲ್ಲದ ಬಟ್ಟಬಯಲಿನಲ್ಲಿ ಕೂಡ ಭೂಮಿಯ ಉಬ್ಬು ಅಡ್ಡ ಬಂದೇ ಬರುತ್ತದೆ.

ಈ ಉಬ್ಬು ಎಷ್ಟು? ಹಾಸನದಿಂದ ನಕ್ಷೆಯ ಮೇಲೆ ದಾರ ಹಿಡಿದು ಅಳೆದರೆ ಅರಕಲಗೂಡು ಸುಮಾರು 27 ಕಿಲೋಮೀಟರು, ಹೊಳೆನರಸೀಪುರ 29, ಚನ್ನರಾಯಪಟ್ಟಣ 33. ಬಸ್ಸಿನ ದಾರಿ ಇದಕ್ಕಿಂತ ಉದ್ದ. ಅಲೆಗೆ ರಸ್ತೆಯ ಗೊಡವೆಯಿಲ್ಲ. ಲೆಕ್ಕದ ಅನುಕೂಲಕ್ಕಾಗಿ 30 ಕಿಲೋಮೀಟರು ಎಂದು ಇಟ್ಟುಕೊಳ್ಳೋಣ. ಹಾಸನದಲ್ಲಿ ನೆಲಕ್ಕೆ ಸಮಮಟ್ಟವಾಗಿ ಒಂದು ಹಲಗೆಯನ್ನು ಇಟ್ಟು, ಅದನ್ನು ಎಲ್ಲಿಯೂ ಬಾಗಿಸದೆ ಚಾಚುತ್ತ ಹೋದೆವು ಎನ್ನಿ. ನಾವು 30 ಕಿಲೋಮೀಟರು ನಡೆದು ಬರುವ ಹೊತ್ತಿಗೆ ಹಲಗೆ ನಮ್ಮ ತಲೆಗಿಂತ ಎಷ್ಟೋ ಮೇಲೆ ಇರುತ್ತದೆ, ಏಕೆಂದರೆ ನೆಲ ಅಷ್ಟು ಕೆಳಗೆ ಇಳಿದಿರುತ್ತದೆ. ಆ ಇಳಿತವೇ ನಮಗೆ ಬೇಕಾದದ್ದು.

ನಮ್ಮ ಹಳೆಯ ಜ್ಯೋತಿಷ ಗ್ರಂಥಗಳಲ್ಲಿ ಈ ಉದ್ದಕ್ಕೆ ಒಂದು ಚೆಂದದ ಹೆಸರುಂಟು: ಶರ. ವೃತ್ತದ ಒಂದು ತುಂಡನ್ನು ಬಿಲ್ಲೆಂದು ಭಾವಿಸಿದರೆ, ಅದರ ಎರಡು ತುದಿಗಳನ್ನು ಕೂಡಿಸುವ ನೇರ ಗೆರೆ ಬಿಲ್ಲಿನ ಹೆದೆ, ಅಂದರೆ ಜ್ಯಾ. ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗೆ ಇಟ್ಟ ಬಾಣ ಶರ. ಹಾಸನವನ್ನು ನಡುವೆ ಇಟ್ಟು ಎರಡು ಕಡೆಗೂ 30 ಕಿಲೋಮೀಟರು ಹೋದರೆ ಬಿಲ್ಲಿನ ತುದಿಗಳು ಸಿಗುತ್ತವೆ. ಆ ತುದಿಗಳನ್ನು ಕೂಡಿಸಿದ ಹೆದೆಗಿಂತ ಹಾಸನ ಎಷ್ಟು ಎತ್ತರದಲ್ಲಿದೆಯೋ, ಹಾಸನಕ್ಕಿಂತ ಆ ತುದಿಗಳು ಅಷ್ಟೇ ತಗ್ಗಿನಲ್ಲಿವೆ.

ಶಾಲೆಯಲ್ಲಿ ಕಲಿತ ತ್ರಿಕೋಣಮಿತಿಯಿಂದ ಇದನ್ನು ಕೂಡಲೇ ಬರೆದುಬಿಡಬಹುದು. ಭೂಮಿಯ ತ್ರಿಜ್ಯ, ಸರಾಸರಿಯಲ್ಲಿ, 6371 ಕಿಲೋಮೀಟರು. ಭೂಮಿಯ ಕೇಂದ್ರದಲ್ಲಿ ನಿಂತು ನೋಡಿದರೆ ಹಾಸನಕ್ಕೂ ನಮಗೂ ನಡುವೆ ಇರುವ ಕೋನವನ್ನು ‘ಕ’ ಎಂದು ಕರೆಯೋಣ. ಆಗ,

ಶರ = 6371 × (1 − ಕೊಸೈನ್ ಕ)

ಕೋನವನ್ನು ಡಿಗ್ರಿಯಲ್ಲಿ ಅಳೆಯುವ ಬದಲು, ನೆಲದ ಮೇಲಿನ ದೂರವನ್ನು ತ್ರಿಜ್ಯದಿಂದ ಭಾಗಿಸಿ ಅಳೆಯುವುದು ಗಣಿತಜ್ಞರ ಪದ್ಧತಿ. ಇದಕ್ಕೆ ರೇಡಿಯನ್ ಅಳತೆ ಎನ್ನುತ್ತಾರೆ. ನಮ್ಮ ಕೋನ 30 ÷ 6371, ಎಂದರೆ ಸುಮಾರು 0.00471. ಹಳೆಯ ಲೆಕ್ಕದಲ್ಲಿ ಹೇಳಬೇಕಾದರೆ ಒಂದು ಭಾಗೆಯೂ ಅಲ್ಲ, 16 ಕಲೆ. ಮುಂದಿನ ಮಾತೆಲ್ಲ ಈ ರೇಡಿಯನ್ ಅಳತೆಗೇ ಸಲ್ಲುತ್ತದೆ. ಡಿಗ್ರಿಯಲ್ಲಿಟ್ಟು ಪ್ರಯೋಗ ಮಾಡಿ ಬೇಸರಪಟ್ಟುಕೊಳ್ಳಬೇಡಿ.

ಈಗ ಮನೆಯಲ್ಲಿ ಹಳೆಯ ನಾಲ್ಕಂಕಿಯ ಲಾಗರಿದಮ್ ಪುಸ್ತಕ ಇದ್ದರೆ ತೆಗೆದು ನೋಡಿ. 16 ಕಲೆಯ ಕೊಸೈನ್ ಎಷ್ಟು? 1.0000 ಎಂದು ಅಚ್ಚಾಗಿರುತ್ತದೆ. ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಸೊನ್ನೆಯನ್ನು 6371ರಿಂದ ಗುಣಿಸಿದರೂ ಸೊನ್ನೆಯೇ. ನಾಲ್ಕಂಕಿಯ ಪುಸ್ತಕದ ಪ್ರಕಾರ ಹಾಸನದಿಂದ ಚನ್ನರಾಯಪಟ್ಟಣದವರೆಗೆ ಭೂಮಿ ಚಪ್ಪಟೆ! ಐದಂಕಿಯ ಕೋಷ್ಟಕ ಸಿಕ್ಕರೆ ಅದರಲ್ಲಿ 0.99999 ಎಂದಿರುತ್ತದೆ, ಶರ ಸುಮಾರು 64 ಮೀಟರು ಬರುತ್ತದೆ. ಏಳಂಕಿಯ ಕೋಷ್ಟಕದಲ್ಲಿ 0.9999889 ಎಂದು ಸಿಕ್ಕೀತು, ಆಗ 70.7 ಮೀಟರು. ಭೂಮಿ ಇದ್ದ ಹಾಗೆಯೇ ಇದೆ, ಪುಸ್ತಕ ಬದಲಾದಂತೆ ಅದರ ಬಾಗು ಸೊನ್ನೆಯಿಂದ 64ಕ್ಕೆ, 64ರಿಂದ 70ಕ್ಕೆ ಜಿಗಿಯುತ್ತದೆ. ಕಂಬ ನೆಡಬೇಕಾದ ಇಂಜಿನಿಯರು ಇದರಲ್ಲಿ ಯಾವುದನ್ನು ನಂಬಬೇಕು?

ತಪ್ಪು ಕೋಷ್ಟಕದ್ದಲ್ಲ. ಹೆಚ್ಚುಕಡಿಮೆ ಸಮವಾದ ಎರಡು ಸಂಖ್ಯೆಗಳನ್ನು ಒಂದರಿಂದೊಂದು ಕಳೆಯಲು ಹೊರಟದ್ದೇ ತೊಂದರೆಗೆ ಮೂಲ. ಹಾಸನದ ಸೀಮೆಯವರಿಗೆ ಆಲೂಗೆಡ್ಡೆಯ ಉದಾಹರಣೆ ಬೇಗ ಹಿಡಿಸೀತು. ಒಂದು ಗೆಡ್ಡೆಯ ತೂಕ ತಿಳಿಯಬೇಕೆಂದು ಯಾರಾದರೂ ಗೆಡ್ಡೆ ತುಂಬಿದ ಲಾರಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿ, ಒಂದು ಗೆಡ್ಡೆಯನ್ನು ಕೆಳಗಿಟ್ಟು ಮತ್ತೊಮ್ಮೆ ತೂಗಿ, ಎರಡು ಚೀಟಿಗಳ ವ್ಯತ್ಯಾಸವನ್ನು ನೋಡಿದರೆ ಏನು ಸಿಕ್ಕೀತು? ಸೊನ್ನೆ ಸಿಕ್ಕೀತು. ವೇಬ್ರಿಡ್ಜು ಕೆಟ್ಟಿಲ್ಲ, ಅಷ್ಟು ಸಣ್ಣದನ್ನು ಅದರಿಂದ ಕೇಳಬಾರದು. ಗೆಡ್ಡೆಯನ್ನು ತಕ್ಕಡಿಯಲ್ಲಿ ಬೇರೆಯಾಗಿಯೇ ತೂಗಬೇಕು. ಶರವನ್ನು ಹೀಗೆ ಬೇರೆಯಾಗಿ ತೂಗುವ ತಕ್ಕಡಿಯೇ ಕಾಲೇಜಿನ ಹುಡುಗರು ಟೇಲರ್ ಶ್ರೇಢಿ ಎಂದು ಓದುವ ವಿಷಯ.

ಶ್ರೇಢಿ ಎಂದರೆ ಒಂದಾದ ಮೇಲೊಂದು ಕೂಡುತ್ತ ಹೋಗುವ ಪದಗಳ ಸಾಲು. ಈ ಸಾಲು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಿಳಿಯಲು ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸನ್ನು ಹತ್ತೋಣ. ಬಸ್ಸು ಈಗ ಶಾಂತಿಗ್ರಾಮದ ನಿಲ್ದಾಣದ ಮುಂದೆ ಹಾದುಹೋಗುತ್ತಿದೆ. ನಾಲ್ಕು ಸೆಕೆಂಡು ಕಳೆದ ಮೇಲೆ ಅದು ಎಲ್ಲಿರುತ್ತದೆ? ನನಗೆ ತಿಳಿದದ್ದು ‘ಈಗ ನಿಲ್ದಾಣದ ಮುಂದಿದೆ’ ಎಂಬುದಷ್ಟೆ ಆದರೆ, ‘ನಿಲ್ದಾಣದ ಹತ್ತಿರವೇ ಇದ್ದೀತು’ ಎನ್ನಬೇಕು. ಇದು ಮೊದಲನೆಯ ಪದ, ಬಹಳ ಒರಟು. ಬಸ್ಸಿನ ಈಗಿನ ವೇಗ ಸೆಕೆಂಡಿಗೆ 10 ಮೀಟರು ಎಂದು ಡ್ರೈವರು ಹೇಳಿದರೆ, ‘40 ಮೀಟರು ಮುಂದೆ’ ಎನ್ನಬಹುದು. ಇದು ಎರಡನೆಯ ಪದ ಸೇರಿದ ಮೇಲಿನ ಉತ್ತರ. ಆದರೆ ಬಸ್ಸು ವೇಗವನ್ನು ಹೆಚ್ಚಿಸಿಕೊಳ್ಳುತ್ತಲೂ ಇದೆ, ಸೆಕೆಂಡಿಗೆ ಅರ್ಧ ಮೀಟರಿನಂತೆ. ನಾಲ್ಕು ಸೆಕೆಂಡಿನ ಕೊನೆಗೆ ಅದರ ವೇಗ 12 ಆಗಿರುತ್ತದೆ; ಸರಾಸರಿ 11; ಹೋದ ದೂರ 44 ಮೀಟರು. ಹೆಚ್ಚಿಗೆ ಬಂದ ಈ 4 ಮೀಟರು ಏನು? ವೇಗದ ಏರಿಕೆ ಅರ್ಧ, ಅದನ್ನು ಕಾಲದ ವರ್ಗವಾದ 16ರಿಂದ ಗುಣಿಸಿದರೆ 8, ಅದರ ಅರ್ಧ 4. ಈ ‘ಅದರ ಅರ್ಧ’ ಎಂಬುದನ್ನು ಗಮನದಲ್ಲಿಡಿ. ವೇಗವು ಸೊನ್ನೆಯಿಂದ ಏರುತ್ತ ಬಂದ ಭಾಗಕ್ಕೆ ಸರಾಸರಿ ತೆಗೆದದ್ದರಿಂದ ಅದು ಬಂತು.

ಏರಿಕೆಯೂ ಒಂದೇ ಸಮನಾಗಿಲ್ಲದೆ ತಾನೂ ಬದಲಾಗುತ್ತಿದ್ದರೆ ಇನ್ನೊಂದು ಪದ ಸೇರುತ್ತದೆ. ಅದರಲ್ಲಿ ಕಾಲದ ಘನ ಬರುತ್ತದೆ, ಭಾಗಿಸಬೇಕಾದದ್ದು 1 × 2 × 3, ಎಂದರೆ 6ರಿಂದ. ಅದರ ಮುಂದಿನದಕ್ಕೆ 1 × 2 × 3 × 4, ಎಂದರೆ 24. ಹೀಗೆ, ಒಂದು ರಾಶಿಯ ಬಗ್ಗೆ ಒಂದೇ ಒಂದು ಗಳಿಗೆಯಲ್ಲಿ ಎಲ್ಲವೂ ತಿಳಿದಿದ್ದರೆ, ಎಂದರೆ ಅದರ ಬೆಲೆ, ಬದಲಾಗುವ ವೇಗ, ವೇಗ ಬದಲಾಗುವ ವೇಗ ಮುಂತಾದವು ತಿಳಿದಿದ್ದರೆ, ಆಚೀಚೆಯ ಗಳಿಗೆಗಳಲ್ಲಿ ಅದು ಎಷ್ಟಿರುತ್ತದೆ ಎಂದು ಕೂಡಿಸುತ್ತ ಹೋಗಬಹುದು. ಟೇಲರ್ ಶ್ರೇಢಿ ಎಂಬುದು ಇಷ್ಟೆ. ಬಸ್ಸು ಮುಂದೆ ಬ್ರೇಕು ಹಾಕಿದರೆ ಲೆಕ್ಕ ಕೆಡುತ್ತದೆ ಎಂದು ನೀವು ಆಕ್ಷೇಪಿಸಬಹುದು. ಬಸ್ಸಿನ ವಿಷಯದಲ್ಲಿ ಅದು ನಿಜ. ಸೈನ್, ಕೊಸೈನ್‌ಗಳು ಬಸ್ಸಿನ ಡ್ರೈವರಿಗಿಂತ ಹೆಚ್ಚು ಮಾತಿಗೆ ನಿಲ್ಲುವಂಥವು.

ಕೊಸೈನನ್ನು ತೆಗೆದುಕೊಳ್ಳೋಣ. ಕೋನ ಸೊನ್ನೆಯಿದ್ದಾಗ ಅದರ ಬೆಲೆ 1. ಆಗ ಅದು ಬೆಟ್ಟದ ನೆತ್ತಿಯಲ್ಲಿ ನಿಂತಂತೆ ಇರುತ್ತದೆ. ಏರಿಕೆಯೂ ಇಲ್ಲ, ಇಳಿತವೂ ಇಲ್ಲ, ಆದ್ದರಿಂದ ವೇಗ 0. ಆದರೆ ಎರಡು ಕಡೆಗೂ ಇಳಿಯುವ ಪ್ರವೃತ್ತಿಯುಂಟು. ವೇಗದ ಬದಲಾವಣೆ −1. ಅದರ ಮುಂದಿನದು 0, ಅದರ ಮುಂದಿನದು +1. ಮತ್ತೆ ಇದೇ ಚಕ್ರ ತಿರುಗುತ್ತದೆ. ಸೊನ್ನೆಗಳು ಬಿದ್ದುಹೋಗಿ ಉಳಿಯುವುದು ಇಷ್ಟು:

ಕೊಸೈನ್ ಕ = 1 − ಕ²/2 + ಕ⁴/24 − ⋯

ಈಗ ನಮಗೆ ಬೇಕಾದ ಕಳೆಯುವಿಕೆಯನ್ನು ಅಂಕೆಗಳನ್ನು ಹಾಕುವ ಮೊದಲೇ ಮಾಡಿಬಿಡಿ. ಒಂದು ಒಂದಕ್ಕೆ ಹೋಯಿತು. ಲಾರಿ ಕಣ್ಣಿನಿಂದ ಮರೆಯಾಯಿತು. ಗೆಡ್ಡೆ ತಕ್ಕಡಿಯಲ್ಲಿ ಉಳಿಯಿತು:

1 − ಕೊಸೈನ್ ಕ = ಕ²/2 − ಕ⁴/24 + ⋯

ಕೋನವೆಂದರೆ ದೂರವನ್ನು ತ್ರಿಜ್ಯದಿಂದ ಭಾಗಿಸಿದ್ದು. ಆದ್ದರಿಂದ ಶರದ ಮೊದಲ ಪದ, ದೂರದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದ್ದು. 30ರ ವರ್ಗ 900. 12742ರಿಂದ ಭಾಗಿಸಿದರೆ 0.0706 ಕಿಲೋಮೀಟರು, ಎಂದರೆ 70.6 ಮೀಟರು. ಕೋಷ್ಟಕ ಬೇಕಾಗಲಿಲ್ಲ, ಬಾಯಿಲೆಕ್ಕದಲ್ಲಿ ಬಲ್ಲವರು ಬಾಯಿಲೆಕ್ಕದಲ್ಲಿಯೇ ಮಾಡಬಹುದು. ನಾವು ಬಿಟ್ಟುಬಿಟ್ಟ ಎರಡನೆಯ ಪದ ಎಷ್ಟು ದೊಡ್ಡದೆಂದು ವಿಚಾರಿಸುವುದು ನ್ಯಾಯ. ಲೆಕ್ಕ ಹಾಕಿದರೆ ಅದು ಒಂದು ಮಿಲಿಮೀಟರಿನ ಸುಮಾರು ಎಂಟನೆಯ ಒಂದು ಭಾಗ, ಎಪ್ಪತ್ತು ಮೀಟರಿನ ಎದುರಿಗೆ. ಶ್ರೇಢಿಯ ದೊಡ್ಡ ಗುಣ ಇದು, ನನ್ನ ಮಟ್ಟಿಗೆ ಉತ್ತರಕ್ಕಿಂತಲೂ ದೊಡ್ಡದು: ಎಲ್ಲಿ ನಿಲ್ಲಿಸಿದೆವೋ ಅಲ್ಲಿ ಎಷ್ಟು ತಪ್ಪು ಉಳಿಯಿತು ಎಂಬುದನ್ನು ಮುಂದಿನ ಪದ ತಾನೇ ಹೇಳಿಬಿಡುತ್ತದೆ. ಪದಗಳು ಕೂಡುತ್ತ ಕಳೆಯುತ್ತ ಸರದಿಯಾಗಿ ಬಂದು ಸಣ್ಣದಾಗುತ್ತ ಹೋದಾಗ, ಉಳಿದ ತಪ್ಪು ಬಿಟ್ಟ ಪದಕ್ಕಿಂತ ಹೆಚ್ಚಿರುವುದಿಲ್ಲ.

ಈ ಲೆಕ್ಕ ಪುಸ್ತಕದೊಳಗೇ ಉಳಿದದ್ದಲ್ಲ. ಸರ್ವೆಯವರು ಮಟ್ಟ ನೋಡುವಾಗ ದೂರದ ವರ್ಗವನ್ನು 0.0785ರಿಂದ ಗುಣಿಸಿ ಭೂಮಿಯ ಬಾಗಿನ ತಿದ್ದುಪಡಿ ಮಾಡುತ್ತಾರೆ. ದೂರ ಕಿಲೋಮೀಟರಿನಲ್ಲಿ, ಉತ್ತರ ಮೀಟರಿನಲ್ಲಿ. ಸಿವಿಲ್ ಇಂಜಿನಿಯರಿಂಗ್ ಓದುವ ಹುಡುಗರು ಇದನ್ನು ಕಂಠಪಾಠ ಮಾಡಿರುತ್ತಾರೆ. 0.0785 ಎಲ್ಲಿಂದ ಬಂತೆಂದು ಕೇಳಿ ನೋಡಿ. ಸಾವಿರವನ್ನು 12742ರಿಂದ ಭಾಗಿಸಿದರೆ ಬಂದೀತು. ಕೊಸೈನ್ ಶ್ರೇಢಿಯ ಎರಡನೆಯ ಪದವೇ ವೇಷ ಬದಲಿಸಿ ಬಂದಿದೆ. ಗಾಳಿಯಲ್ಲಿ ಬೆಳಕು ಸ್ವಲ್ಪ ಬಾಗುವುದನ್ನೂ ಲೆಕ್ಕಕ್ಕೆ ಹಿಡಿದರೆ 0.0673 ಎಂದು ಬಳಸುತ್ತಾರೆ. ಒಂದು ಕಿಲೋಮೀಟರಿಗೆ ಬಾಗು ಎಂಟು ಸೆಂಟಿಮೀಟರಿಗೂ ಕಡಿಮೆ; ಹತ್ತು ಕಿಲೋಮೀಟರಿಗೆ ಎಂಬತ್ತು ಸೆಂಟಿಮೀಟರಲ್ಲ, ಸುಮಾರು ಎಂಟು ಮೀಟರು. ವರ್ಗದ ಮಹಿಮೆ ಇದು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿನಿಂದ ಹೊರಡುವಂಥ ಉದ್ದನೆಯ ಕಾಲುವೆಗಳಲ್ಲಿ ನೀರು ತನ್ನಷ್ಟಕ್ಕೆ ಇಳಿದು ಹರಿಯಬೇಕು. ಇಳಿಜಾರು ಬಹಳ ಸಣ್ಣದು. ಅಂಥ ಕಡೆ ದೂರದ ಕೋಲಿನ ಮೇಲೆ ದುರ್ಬೀನಿನಲ್ಲಿ ಕಂಡ ಅಂಕಿಯನ್ನು ತಿದ್ದದೆ ಬರೆದುಕೊಂಡರೆ, ನೆಲದ ಇಳಿಜಾರು ಯಾವುದು, ಭೂಮಿಯ ಬಾಗು ಯಾವುದು ಎಂದು ಬೇರ್ಪಡಿಸುವಂತಿಲ್ಲ.

ಇದೇ ಸೂತ್ರವನ್ನು ತಿರುವಿ ಹಿಡಿದರೆ ಎತ್ತರದಿಂದ ಎಷ್ಟು ದೂರ ಕಾಣುತ್ತದೆ ಎಂಬುದು ತಿಳಿಯುತ್ತದೆ: ಎತ್ತರದ, ಮೀಟರಿನಲ್ಲಿ, ವರ್ಗಮೂಲವನ್ನು 3.57ರಿಂದ ಗುಣಿಸಿ, ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನು ನಿಂತ ವಿಂಧ್ಯಗಿರಿ ಸುತ್ತಲಿನ ನೆಲದಿಂದ ಸುಮಾರು 470 ಅಡಿ, ಎಂದರೆ 143 ಮೀಟರು. ವರ್ಗಮೂಲ ಹೆಚ್ಚುಕಡಿಮೆ 12. ಬಯಲು ಸಮವಾಗಿದ್ದರೆ ಬೆಟ್ಟದ ನೆತ್ತಿಯಿಂದ ದಿಗಂತ ಸುಮಾರು 43 ಕಿಲೋಮೀಟರು ದೂರ. ಹೊಳೆನರಸೀಪುರ ಅಲ್ಲಿಂದ ನೇರಗೆರೆಯಲ್ಲಿ ಸುಮಾರು 27. ಭೂಮಿಯ ಬಾಗು ಅದನ್ನು ಮರೆಮಾಡಲಾರದು.

ಈಗ ಮನೆಯಲ್ಲಿ ಪಿ.ಯು.ಸಿ. ಅಥವಾ ಬಿ.ಎಸ್‌ಸಿ. ಓದುವ ಮಕ್ಕಳಿದ್ದರೆ ಅವರನ್ನೂ ಹತ್ತಿರ ಕರೆಯಿರಿ. ಅವರ ಪುಸ್ತಕದಲ್ಲಿ ‘ಪರಿಮಿತಿ’ ಅಥವಾ ಲಿಮಿಟ್ ಎಂಬ ಅಧ್ಯಾಯವಿರುತ್ತದೆ. ಅಲ್ಲಿ ತಪ್ಪದೆ ಬರುವ ಒಂದು ಪ್ರಶ್ನೆ: (1 − ಕೊಸೈನ್ ಕ) ಎಂಬುದನ್ನು ಕ² ಇಂದ ಭಾಗಿಸಿ, ಕ ಸೊನ್ನೆಯ ಕಡೆಗೆ ಸಾಗಿದಂತೆ ಭಾಗಲಬ್ಧ ಯಾವುದರ ಕಡೆಗೆ ಸಾಗುತ್ತದೆ? ಕ ಸೊನ್ನೆಯೇ ಆದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಬಾರದು. ಆದ್ದರಿಂದ ಸೊನ್ನೆಯನ್ನು ಮುಟ್ಟದೆ ಹತ್ತಿರ ಹತ್ತಿರ ಹೋಗಿ ನೋಡಬೇಕು. ಕ ಒಂದಾದಾಗ ಭಾಗಲಬ್ಧ 0.4597. ಕ 0.1 ಆದಾಗ 0.49958. ಕ 0.01 ಆದಾಗ 0.4999958. ಅರ್ಧದ ಕಡೆಗೆ ಹೋಗುತ್ತಿದೆ ಎಂದು ಯಾರಾದರೂ ಹೇಳಿಯಾರು.

‘ಇನ್ನೂ ಹತ್ತಿರ ಹೋದರೆ ಇನ್ನೂ ಚೆನ್ನಾಗಿ ಕಂಡೀತು’ ಎಂದು ಹುಡುಗನು ಕ್ಯಾಲ್ಕುಲೇಟರು ತೆಗೆದುಕೊಂಡು 0.000001 ಒತ್ತಿದ ಎನ್ನಿ. ಹತ್ತೇ ಅಂಕೆ ಹಿಡಿಯುವ ಯಂತ್ರವಾದರೆ ಕೊಸೈನ್ 1 ಎನ್ನುತ್ತದೆ, ಭಾಗಲಬ್ಧ ಸೊನ್ನೆ ಎನ್ನುತ್ತದೆ. ಕಂಪ್ಯೂಟರು ಸಾಮಾನ್ಯವಾಗಿ ಹದಿನಾರು ಅಂಕೆಗಳಷ್ಟು ಹಿಡಿಯುತ್ತದೆ; ಅದಕ್ಕೆ 0.00000001 ಕೊಟ್ಟರೆ ಅದೂ ಸೊನ್ನೆಯನ್ನೇ ಹೇಳುತ್ತದೆ. ಅರ್ಧದ ಹತ್ತಿರ ಹತ್ತಿರ ಬರುತ್ತಿದ್ದ ಉತ್ತರ ಕೊನೆಯ ಗಳಿಗೆಯಲ್ಲಿ ಸೊನ್ನೆಗೆ ಬಿದ್ದುಹೋಗುತ್ತದೆ. ಮತ್ತದೇ ಲಾರಿ, ಅದೇ ಗೆಡ್ಡೆ. ಯಂತ್ರಕ್ಕೆ ಎಷ್ಟು ಅಂಕೆ ಹೆಚ್ಚಿಸಿದರೂ ಬೀಳುವ ಜಾಗ ಮುಂದಕ್ಕೆ ಸರಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಶ್ರೇಢಿಯನ್ನು ಇಟ್ಟು ನೋಡಿ: ಮೇಲೆ ಕ²/2 − ಕ⁴/24 + ⋯, ಕ² ಇಂದ ಭಾಗಿಸಿದರೆ ½ − ಕ²/24 + ⋯. ಕ ಸೊನ್ನೆಯ ಕಡೆಗೆ ಹೋದರೆ ಎರಡನೆಯದರಿಂದ ಮುಂದಿನದೆಲ್ಲ ಕರಗುತ್ತದೆ. ಉಳಿಯುವುದು ಅರ್ಧ. ಶಾಂತಿಗ್ರಾಮದ ಬಸ್ಸಿನಲ್ಲಿ ಸಿಕ್ಕ ಅರ್ಧವೇ ಇದು.

ವಿದ್ಯಾರ್ಥಿಗಳು ಇಂಥ ಪ್ರಶ್ನೆಗಳಿಗೆ ಲಾಪಿತಾಲ್ ನಿಯಮ ಎಂಬುದನ್ನು ಮಂತ್ರದಂತೆ ಪ್ರಯೋಗಿಸುತ್ತಾರೆ: ಸೊನ್ನೆಯ ಮೇಲೆ ಸೊನ್ನೆ ಕಂಡರೆ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಅವಕಲಿಸು, ಮತ್ತೂ ಸೊನ್ನೆ ಬಂದರೆ ಮತ್ತೂ ಅವಕಲಿಸು. ನಿಯಮ ಸರಿಯಾದದ್ದೇ, 1696ರಲ್ಲಿ ಲಾಪಿತಾಲ್ ಅಚ್ಚು ಹಾಕಿಸಿದ್ದು, ಅದನ್ನು ಕಂಡುಹಿಡಿದವನು ಮಾತ್ರ ಅವನಿಗೆ ಪಾಠ ಹೇಳಿದ ಯೋಹಾನ್ ಬೆರ್ನೂಲಿ. ಅಂಕ ಬರಲು ಅದು ಸಾಕು. ಆದರೆ ಉತ್ತರ ಅದೇ ಏಕೆ ಎಂಬುದನ್ನು ಆ ನಿಯಮ ಬಾಯಿ ಬಿಟ್ಟು ಹೇಳುವುದಿಲ್ಲ. (ಟ್ಯಾನ್ ಕ − ಸೈನ್ ಕ) ಎಂಬುದನ್ನು ಕ³ ಇಂದ ಭಾಗಿಸಿದಾಗಿನ ಪರಿಮಿತಿ ಕೇಳಿದರೆ ಮೂರು ಸಾರಿ ಅವಕಲಿಸುತ್ತ ಹೋಗುವಷ್ಟರಲ್ಲಿ ಹಾಳೆ ತುಂಬುತ್ತದೆ. ಶ್ರೇಢಿಯಲ್ಲಾದರೆ ಟ್ಯಾನ್ ಕ ಎಂದರೆ ಕ + ಕ³/3 + ⋯, ಸೈನ್ ಕ ಎಂದರೆ ಕ − ಕ³/6 + ⋯. ಕಳೆದರೆ ಕ ಕ್ಕೆ ಕ ಹೋಗಿ, ಮೂರನೆಯ ಒಂದು ಮತ್ತು ಆರನೆಯ ಒಂದು ಕೂಡಿ, ಅರ್ಧ. ಎರಡು ಗೆರೆಗಳು ಮೊದಲ ಹೆಜ್ಜೆಯಲ್ಲಿ ಜೊತೆಗೇ ಹೊರಟು ಮೂರನೆಯ ಪದದಲ್ಲಿ ಅಗಲಿದವು, ಅಗಲಿಕೆಯ ಅಳತೆ ಇಷ್ಟು, ಎಂಬುದು ಕಣ್ಣಿಗೆ ಕಾಣುತ್ತದೆ. ಕಟ್ಟುನಿಟ್ಟಿನ ಮೇಷ್ಟರು ಇಲ್ಲಿ ಒಂದು ಎಚ್ಚರಿಕೆ ಕೊಟ್ಟಾರು. ಸೈನ್ ಕ ವನ್ನು ಕ ಇಂದ ಭಾಗಿಸಿದರೆ ಪರಿಮಿತಿ 1 ಎಂಬ ಮೊದಲ ಪಾಠವನ್ನು ಶ್ರೇಢಿಯಿಂದ ಸಾಧಿಸಹೊರಡಬಾರದು. ಶಾಲೆಯ ದಾರಿಯಲ್ಲಿ ಶ್ರೇಢಿಯೇ ಆ ಪಾಠದ ಮೇಲೆ ನಿಂತಿದೆ. ಆ ಒಂದನ್ನು ರೇಖಾಗಣಿತದಿಂದ ಸಾಧಿಸಿ ಮುಂದೆ ನಡೆಯಬೇಕು.

ಶ್ರೇಢಿಗೆ ಹೆಸರು ಕೊಟ್ಟ ಬ್ರೂಕ್ ಟೇಲರ್ ಇಂಗ್ಲೆಂಡಿನವನು. ಅವನ ಪುಸ್ತಕ 1715ರದು. ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿ 1671ರಷ್ಟು ಹಿಂದೆಯೇ ಇಂಥ ಹಲವು ಶ್ರೇಢಿಗಳನ್ನು ಬಲ್ಲವನಾಗಿದ್ದ. ಆದರೆ ನಮ್ಮ ನೆರೆಯ ಮಲೆಯಾಳ ದೇಶದಲ್ಲಿ ಇದಕ್ಕೆ ಮುನ್ನೂರು ವರ್ಷ ಹಿಂದಿನ ಕಥೆಯುಂಟು. ಹದಿನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಸಂಗಮಗ್ರಾಮದ ಮಾಧವನೆಂಬ ಜ್ಯೋತಿಷಿ ಜ್ಯಾ, ಅಂದರೆ ಸೈನಿಗೆ ಸಂಬಂಧಿಸಿದ ರಾಶಿಗೆ ಇಂಥ ಶ್ರೇಢಿಯನ್ನು ಕಂಡುಕೊಂಡ. ಅಲ್ಲಿಗೇ ನಿಲ್ಲದೆ ಶರಕ್ಕೆ ಬೇರೆಯಾಗಿಯೇ ಒಂದು ಶ್ರೇಢಿಯನ್ನು ಕಟ್ಟಿಕೊಟ್ಟ. ನಾವು ಹಾಸನದ ಕಂಬಕ್ಕಾಗಿ ಬರೆದ ಕ²/2 − ಕ⁴/24 ಎಂಬ ಸಾಲು ಅದೇ. ಸಣ್ಣ ಕೋನದ ಶರವನ್ನು ಕೊಸೈನಿನಿಂದ ಕಳೆದು ಪಡೆಯುವುದಕ್ಕಿಂತ ನೇರವಾಗಿ ಪಡೆಯುವುದು ಲೇಸು. ಕೋಷ್ಟಕಗಳನ್ನು ಕೈಯಿಂದ ಕಟ್ಟುತ್ತಿದ್ದವರಿಗೆ ಆ ಲಾಭ ನಮಗಿಂತ ಹೆಚ್ಚಾಗಿ ಬೇಕಾಗಿತ್ತು. ಮಾಧವನ ಈ ಗ್ರಂಥ ನಮಗೆ ಉಳಿದಿಲ್ಲ; ಶಿಷ್ಯಪರಂಪರೆಯವರು ಅವನ ಹೆಸರು ಹೇಳಿ ಉಳಿಸಿದ್ದಾರೆ. ಸುಮಾರು 1530ರ ಹೊತ್ತಿಗೆ ಜ್ಯೇಷ್ಠದೇವನು ಇವೆಲ್ಲಕ್ಕೂ ಉಪಪತ್ತಿಗಳನ್ನು ಕೊಟ್ಟು ‘ಯುಕ್ತಿಭಾಷಾ’ ಎಂಬ ಪುಸ್ತಕವನ್ನು ಬರೆದ. ಸಂಸ್ಕೃತ ಶ್ಲೋಕಗಳಲ್ಲಲ್ಲ, ಮಲೆಯಾಳದ ಗದ್ಯದಲ್ಲಿ ಬರೆದ. ಮಲಬಾರಿನಲ್ಲಿ ಕಂಪನಿ ಸರ್ಕಾರದ ನೌಕರಿಯಲ್ಲಿದ್ದ ಚಾರ್ಲ್ಸ್ ವಿಶ್ ಎಂಬವನು 1834ರಲ್ಲಿ ಪ್ರಕಟವಾದ ಲೇಖನದಲ್ಲಿ ಇದನ್ನು ಯೂರೋಪಿನವರ ಗಮನಕ್ಕೆ ತಂದರೂ ಬಹುಕಾಲ ಯಾರೂ ಕಿವಿಗೊಡಲಿಲ್ಲ.

ದೇಶಭಾಷೆಯಲ್ಲಿ ಗಣಿತ ಬರೆಯುವ ಕೆಲಸ ನಮಗೂ ಹೊಸದಲ್ಲ. ಹಾಸನ ಜಿಲ್ಲೆಯ ಹಳೇಬೀಡಿನಿಂದ ಹೊಯ್ಸಳರು ಆಳುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಅದರಲ್ಲಿ ಅನಂತ ಶ್ರೇಢಿಗಳನ್ನು ಹುಡುಕಬೇಡಿ. ಅದು ಅಂಗಡಿ, ಹೊಲ, ಕೂಲಿಗಳ ಲೆಕ್ಕದ ಪುಸ್ತಕ. ಶರ ಎಂಬ ಮಾತನ್ನು ನಮ್ಮ ಪಠ್ಯಪುಸ್ತಕಗಳು ಕೈಬಿಟ್ಟದ್ದು ಮಾತ್ರ ನನಗೆ ನಷ್ಟವೆಂದೇ ತೋರುತ್ತದೆ. ‘ಒಂದು ಕಳೆ ಕೊಸೈನ್’ ಎಂದರೆ ಮಗುವಿಗೆ ಏನೂ ಕಾಣುವುದಿಲ್ಲ. ಬಿಲ್ಲಿಗೆ ಹೂಡಿದ ಬಾಣ ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಶ್ರೇಢಿಯನ್ನು ಎಲ್ಲಿ ಬೇಕೆಂದರಲ್ಲಿ ಬಳಸಬಹುದೆ? ಬಳಸಲು ಹೋದರೆ ಪೇಚಾಟವೂ ಉಂಟು. ಕ ಎಂಬುದು 10 ಆದರೆ ಕೊಸೈನ್ ಶ್ರೇಢಿಯ ಪದಗಳು ಮೊದಲು ಏರುತ್ತ ಹೋಗಿ, ಒಂದು ಪದ 2755ನ್ನೂ ಮೀರುತ್ತದೆ. ಆಮೇಲೆ ಇಳಿದು, ಕೂಡಿ ಕಳೆದು ಕೊನೆಗೆ ಬರುವ ಉತ್ತರ −0.84ರ ಸಮೀಪ. ಮತ್ತೆ ಲಾರಿಗಳನ್ನು ತೂಗಿ ಗೆಡ್ಡೆಯನ್ನು ಹುಡುಕಿದ ಹಾಗಾಯಿತು. ಲಾಗರಿದಮ್ಮಿನ ಶ್ರೇಢಿಯಂತೂ ಒಂದು ಗಡಿ ದಾಟಿದರೆ ಎಷ್ಟು ಪದ ಕೂಡಿದರೂ ಎಲ್ಲಿಯೂ ನಿಲ್ಲುವುದಿಲ್ಲ. ಹೊರಟ ಜಾಗಕ್ಕೆ ಹತ್ತಿರವಿದ್ದಾಗ ಮಾತ್ರ ಎರಡು ಮೂರು ಪದಗಳಿಂದ ಕೆಲಸವಾಗುತ್ತದೆ. ಭೂಮಿಯ ಕೇಂದ್ರದಿಂದ ನೋಡಿದರೆ ಹಾಸನ ಜಿಲ್ಲೆಯ ಊರುಗಳೆಲ್ಲ ಒಂದಕ್ಕೊಂದು ಬಹಳ ಹತ್ತಿರ. ಅದು ನಮ್ಮ ಪುಣ್ಯ.

ಇನ್ನು ಕಂಬದ ಲೆಕ್ಕ. ರೇಡಿಯೋ ಅಲೆ ಗಾಳಿಯಲ್ಲಿ ಹಾಯುವಾಗ ಬೆಳಕಿಗಿಂತ ಸ್ವಲ್ಪ ಹೆಚ್ಚಾಗಿಯೇ ನೆಲದ ಕಡೆಗೆ ಬಾಗುತ್ತದೆ. ಇದನ್ನು ಸರಿಹೊಂದಿಸಲು ಇಂಜಿನಿಯರುಗಳು ಭೂಮಿಯ ತ್ರಿಜ್ಯವನ್ನು ಮೂರನೆಯ ಒಂದು ಪಾಲು ಹೆಚ್ಚಿಸಿ ಲೆಕ್ಕ ಮಾಡುತ್ತಾರೆ. ಶರ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಅರಕಲಗೂಡಿಗೆ 57 ಮೀಟರಿದ್ದದ್ದು 43, ಹೊಳೆನರಸೀಪುರಕ್ಕೆ 66 ಇದ್ದದ್ದು 50, ಚನ್ನರಾಯಪಟ್ಟಣಕ್ಕೆ 85 ಇದ್ದದ್ದು 64. ರೇಡಿಯೋವನ್ನು ನೆಲದ ಮೇಲೆ ಇಟ್ಟು ಕೇಳುವವರಿಗೆ ಹಾಸನದ ಕಂಬದ ತುದಿ ನೇರವಾಗಿ ಎಟುಕಬೇಕಾದರೆ, ಸಮಬಯಲಿನಲ್ಲಿ, ಕಂಬ ಕಡಮೆಯೆಂದರೆ ಇಷ್ಟು ಎತ್ತರವಿರಬೇಕು.

ನೀವು ಏರಿಯಲನ್ನು ನೆಲದಿಂದ 10 ಮೀಟರು ಎತ್ತರದಲ್ಲಿ ಕಟ್ಟಿದಿರಿ ಎನ್ನಿ. ಈ ಲೆಕ್ಕದಲ್ಲಿ ಅದರ ದಿಗಂತ 13 ಕಿಲೋಮೀಟರು. ಚನ್ನರಾಯಪಟ್ಟಣದ 33ರಲ್ಲಿ 13ನ್ನು ನಿಮ್ಮ ಏರಿಯಲ್ ನೋಡಿಕೊಂಡರೆ, ಹಾಸನದ ಕಂಬ ನೋಡಿಕೊಳ್ಳಬೇಕಾದದ್ದು 20 ಕಿಲೋಮೀಟರು ಮಾತ್ರ. 20 ಕಿಲೋಮೀಟರಿನ ಶರ ಸುಮಾರು 24 ಮೀಟರು. 64 ಬೇಕಾಗಿದ್ದ ಕಡೆ 24 ಸಾಕಾಯಿತು. ನಿಮ್ಮ ಸೂರಿನ ಹತ್ತು ಮೀಟರು ಆ ಕಡೆಯ ನಲವತ್ತು ಮೀಟರಿಗೆ ಸಮನಾಗಿ ಬಂತು. ಅರಕಲಗೂಡಿನವರು 27ರಲ್ಲಿ 13 ಕಳೆದು, 14ರ ವರ್ಗಕ್ಕೆ ಇದನ್ನೇ ಮಾಡಿದರೆ ಸುಮಾರು 11ರಿಂದ 12 ಮೀಟರು ಬರುತ್ತದೆ. ಬಯಲು ಸಮವಲ್ಲದ ಕಡೆ, ವಿಶೇಷವಾಗಿ ಮಲೆನಾಡಿನ ಅಂಚಿಗೆ, ನಡುವೆ ಬರುವ ದಿಣ್ಣೆಗಳ ಎತ್ತರವನ್ನು ಸರ್ವೆ ನಕ್ಷೆಯ ಸಮೋನ್ನತಿ ರೇಖೆಗಳಿಂದ ಓದಿ ಆ ಜಾಗದ ಉಬ್ಬಿಗೆ ಕೂಡಿಸಿಕೊಳ್ಳಬೇಕು.